ಗದ್ದೆಯ ನೀರು, ಮಗುವಿನ ಜ್ವರ

ತುಂಗಭದ್ರೆಯ ಕಾಲುವೆಯಿಂದ ಸಿರುಗುಪ್ಪ, ಕುರುಗೋಡಿನ ಹೊಲಗಳಿಗೆ ಭತ್ತ ಬಂತು. ಗದ್ದೆಯಲ್ಲಿ ನಿಂತ ಆ ನೀರಿನಲ್ಲೇ ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ ಹರಡುವ ಕ್ಯೂಲೆಕ್ಸ್ ಸೊಳ್ಳೆಯೂ ಬೆಳೆಯುತ್ತದೆ. ವೈರಾಣು ಬೆಳ್ಳಕ್ಕಿಯಂತಹ ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ವೃದ್ಧಿಸಿ, ಸೊಳ್ಳೆಯ ಮೂಲಕ ಮಕ್ಕಳನ್ನು ತಲುಪುತ್ತದೆ. ಇದು ಮನುಷ್ಯನಿಂದ ಮನುಷ್ಯನಿಗೆ ಅಂಟದು. ರೋಗಿಯ ಮನೆಯವರನ್ನು ದೂರವಿಡುವುದು ಅನ್ಯಾಯ. ಹಂದಿ ಸಾಕುವ ಬಡವರ ಮೇಲೆ ಹರಿಹಾಯುವುದೂ ಅಷ್ಟೇ ಅನ್ಯಾಯ. ಬೆಳ್ಳಕ್ಕಿಯನ್ನು ಯಾವ ಕೇರಿಯಿಂದ ಹೊರಹಾಕುವಿರಿ?

ಈ ರೋಗದ ಜಾಡು ಹಿಡಿಯುವುದು ಸುಲಭವಲ್ಲ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಉಲ್ಬಣಿಸುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಪ್ರಜ್ಞೆ ತಪ್ಪಿ ಬಳ್ಳಾರಿ ನಗರದ ಆಸ್ಪತ್ರೆಗೆ ಬಂದ ಒಂದು ಮಗು, ಹಳ್ಳಿಗಳಲ್ಲಿ ಯಾರ ಅರಿವಿಗೂ ಬಾರದೆ ಉಳಿದ ನೂರಾರು ಸೋಂಕುಗಳ ಸುದ್ದಿಯನ್ನು ಹೊತ್ತು ತಂದಿರುತ್ತದೆ. ಬೆನ್ನುಹುರಿಯ ದ್ರವದಲ್ಲೋ ರಕ್ತದಲ್ಲೋ ಐಜಿಎಂ ಪ್ರತಿಕಾಯವನ್ನು ಪರೀಕ್ಷಿಸಿದರಷ್ಟೇ ಆ ಸುದ್ದಿಯನ್ನು ಓದಬಹುದು. ‘ಯಾವುದೋ ಜ್ವರ’ ಎಂದು ಬರೆದು ಮುಗಿಸಿದರೆ, ಸೊಳ್ಳೆ ನಿಯಂತ್ರಣದವರು ಯಾವ ಊರಿಗೆ ಹೋಗಬೇಕು?

2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಇದರ ವಿರುದ್ಧ ಲಸಿಕೆ ಅಭಿಯಾನ ಆರಂಭವಾದಾಗ ಬಳ್ಳಾರಿಯೂ ಅವುಗಳಲ್ಲೊಂದಾಗಿತ್ತು. ಈಗ ಮಗುವಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ನೀಡಲಾಗುತ್ತದೆ. ಮನೆಗೆ ಹೋದೊಡನೆ ತಾಯಿ ಕಾರ್ಡ್ ತೆಗೆದು, ಆ ಎರಡೂ ಮನೆಗಳು ತುಂಬಿವೆಯೇ ನೋಡಿರಿ.