ಮನೆಯ ಬೆಲೆಯೂ ಮನೆಯೊಡೆಯನ ಮಾತೂ



ಒಬ್ಬ ಗೃಹಸ್ಥನ ಮನೆಗೆ ಕಚೇರಿಯ ಜವಾನನು ಬಂದು ನೋಟೀಸು ಕೊಟ್ಟುಹೋದನೆಂದು ತಿಳಿಯಿರಿ. ಸಾರ್ವಜನಿಕ ಉದ್ದೇಶಕ್ಕಾಗಿ ಈ ಜಾಗವು ಬೇಕಾಗಿದೆಯೆಂದು ಅದರಲ್ಲಿ ಬರೆದಿರುತ್ತದೆ. ಆ ಗೃಹಸ್ಥನು ಮರುದಿನ ಮುಂಜಾನೆ ವಕೀಲರ ಮನೆಯ ಕಟ್ಟೆಯ ಮೇಲೆ ಬಂದು ಕೂಡುತ್ತಾನೆ. ‘ಯಾಕೆ ಬೇಕಂತೆ?’ ಎಂದು ಮೊದಲು ಕೇಳುತ್ತಾನೆ. ವಕೀಲರಾದ ನಾವು ಆ ಪ್ರಶ್ನೆಯನ್ನು ಬದಿಗೆ ಸರಿಸಿ, ಜಾಗವು ಎಷ್ಟು ಗಜ, ಗೋಡೆ ಕಲ್ಲಿನದೋ ಮಣ್ಣಿನದೋ, ಬಾವಿಯುಂಟೋ ಇಲ್ಲವೋ, ತೆಂಗಿನ ಮರಗಳೆಷ್ಟು ಎಂದು ಬರೆದುಕೊಳ್ಳತೊಡಗುತ್ತೇವೆ. ಹತ್ತು ನಿಮಿಷಗಳೊಳಗಾಗಿ ಅವನೂ ತನ್ನ ಪ್ರಶ್ನೆಯನ್ನು ಮರೆತು ‘ಎಷ್ಟು ಸಿಕ್ಕೀತು?’ ಎಂದು ಕೇಳಲಾರಂಭಿಸುತ್ತಾನೆ. ಆ ಮರೆತುಹೋದ ಮೊದಲ ಪ್ರಶ್ನೆಯ ಕುರಿತು ಈ ಹೊತ್ತು ತಮ್ಮಲ್ಲಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ನಮಗೆ ಈ ಚಾಳಿಯನ್ನು ಕಲಿಸಿದ್ದು ಕಾಯದೆಯೇ. 1894ರಲ್ಲಿ ಬ್ರಿಟಿಶ ಸರಕಾರವು ಮಾಡಿದ ಭೂಸ್ವಾಧೀನ ಕಾಯದೆಯು 2013ರ ಅಂತ್ಯದ ವರೆಗೆ ಈ ದೇಶದಲ್ಲಿ ನಡೆಯಿತು. ಬೆಲೆಯ ವಿಷಯದಲ್ಲಿ ಅದು ಮನೆಯೊಡೆಯನಿಗೆ ಸಾಕಷ್ಟು ಬಾಯಿ ಕೊಟ್ಟಿತ್ತು. ಪೇಟೆಯ ಬೆಲೆಯನ್ನು ಕೊಡಬೇಕು. ಒಲ್ಲದವನಿಂದ ಕಿತ್ತುಕೊಂಡುದಕ್ಕಾಗಿ ಅದರ ಮೇಲೆ, ಮೂಲ ಕಾಯದೆಯಂತೆ, ನೂರಕ್ಕೆ ಹದಿನೈದು ಕೊಡಬೇಕು. ಕಲೆಕ್ಟರರು ಕಟ್ಟಿದ ಬೆಲೆಯು ಒಪ್ಪಿಗೆಯಾಗದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ಆದರೆ ಉದ್ದೇಶದ ಮಾತು ಬಂದೊಡನೆ ಆ ಕಾಯದೆಯ ದನಿಯೇ ಬೇರೆ. ಜಾಗವು ಸಾರ್ವಜನಿಕ ಉದ್ದೇಶಕ್ಕೆ ಬೇಕೆಂದು ಸರಕಾರವು 6ನೆಯ ಕಲಮಿನ ಮೇರೆಗೆ ಒಮ್ಮೆ ಸಾರಿತೆಂದರೆ ಆ ಸಾರಿಕೆಯೇ ನಿರ್ಣಾಯಕ ಸಾಕ್ಷ್ಯವು. ಬೇಡುವವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪುಗಾರನೂ ಅವನೇ! ಕಂಪನಿಗಳಿಗಾಗಿ ಜಾಗವನ್ನು ಹಿಡಿಯಲಿಕ್ಕೆ ಅದೇ ಕಾಯದೆಯಲ್ಲಿ ಪ್ರತ್ಯೇಕವಾದೊಂದು ಭಾಗವಿತ್ತು.

ಇಲ್ಲಿಯೇ ಒಂದು ಮಾತು. ನಮ್ಮ ನಾಡು ಹರಿದು ಹಂಚಿಹೋಗಿದ್ದಾಗ ಧಾರವಾಡ ಬೆಳಗಾವಿಯವರು ಮುಂಬಯಿ ಇಲಾಖೆಯಲ್ಲಿದ್ದುಕೊಂಡು ಈ ಕಾಯದೆಗೆ ಒಳಪಟ್ಟಿದ್ದರು. ಮೈಸೂರಿನವರಿಗೆ ಮೈಸೂರಿನ ಕಾಯದೆ, ಹೈದರಾಬಾದು ಸೀಮೆಯವರಿಗೆ ನಿಜಾಮರ ಕಾಯದೆ. 1956ರಲ್ಲಿ ನಾಡು ಒಂದಾಯಿತು. ಆದರೆ 1894ರ ಕಾಯದೆಯನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದ್ದು 1961ರಲ್ಲಿ. ಅಲ್ಲಿಯ ವರೆಗೆ ಕನ್ನಡಿಗನ ಮನೆಯನ್ನು ಕಿತ್ತುಕೊಳ್ಳುವ ರೀತಿಯಲ್ಲಿಯೂ ಏಕೀಕರಣವಿರಲಿಲ್ಲ!

ಮುಂಬಯಿ ಇಲಾಖೆಯ ಮಾತು ಬಂದುದರಿಂದ ಮುಳಶಿಯನ್ನು ನೆನೆಯದಿರಲಾಗದು. ಪುಣೆಯ ಪಡುವಲಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ, ಮುಳಶಿಯ ಕಣಿವೆಯಿದೆ. ಮುಂಬಯಿಗೆ ವಿದ್ಯುತ್ತನ್ನು ಒದಗಿಸುವದಕ್ಕಾಗಿ ಟಾಟಾ ಕಂಪನಿಯು ಅಲ್ಲಿ ಆಣೆಕಟ್ಟು ಕಟ್ಟಲು ಹೊರಟಿತು; ಸರಕಾರವು ಕಂಪನಿಯ ಪರವಾಗಿ ಕಾಯದೆಯನ್ನು ಕೈಗೆತ್ತಿಕೊಂಡಿತು. ಸುಮಾರು ಐವತ್ತು ಹಳ್ಳಿಗಳ ಮನೆ, ಗದ್ದೆ, ಗುಡಿಗಳು ನೀರುಪಾಲಾಗುವಂತಿದ್ದವು. 1921ರ ರಾಮನವಮಿಯ ದಿವಸ ಅಲ್ಲಿಯ ಮಾವಳರು ಸತ್ಯಾಗ್ರಹಕ್ಕೆ ಕುಳಿತರು. ಸೇನಾಪತಿ ಬಾಪಟರು ಅವರ ಮುಂದಾಳಾಗಿ ಪದೇ ಪದೇ ಸೆರೆಮನೆಯನ್ನು ಕಂಡರು. ಮಾವಳರು ಪರಿಹಾರವನ್ನು ಹೆಚ್ಚಿಸಿರೆಂದು ಕೇಳುತ್ತಿರಲಿಲ್ಲ. ನೆಲವನ್ನೇ ಕೊಡೆವು ಎನ್ನುತ್ತಿದ್ದರು. ಆದರೆ ಆ ನೆಲದ ಬಹುಭಾಗವು ಸಾಲದ ಲೆಕ್ಕದಲ್ಲಿ ಸಾವಕಾರರ ಕೈಸೇರಿತ್ತು. ಸಾವಕಾರರಿಗೆ ಬೇಕಾದದ್ದು ಬೆಲೆ. ಅದು ಸಿಕ್ಕಿತು, ಅವರು ಒಪ್ಪಿಕೊಂಡರು. ಹಾಗೆ ಒಕ್ಕಟ್ಟು ಒಡೆಯಿತು. 1924ರ ಹೊತ್ತಿಗೆ ಸತ್ಯಾಗ್ರಹವು ಮುಗಿಯಿತು, ಮುಂದೆ ಆಣೆಕಟ್ಟು ಎದ್ದುನಿಂತಿತು. ಈ ಹೋರಾಟವು ನಡೆದಿರುವಾಗಲೇ, 1923ರಲ್ಲಿ, ಕಾಯದೆಗೆ ತಿದ್ದುಪಡಿಯಾಗಿ 5-ಅ ಎಂಬ ಕಲಮು ಬಂದಿತು: ಮೂವತ್ತು ದಿವಸಗಳೊಳಗೆ ತಕರಾರು ಹೇಳುವ ಹಕ್ಕು. ಅದಕ್ಕಿಂತ ಮೊದಲು ಅಷ್ಟೂ ಇರಲಿಲ್ಲವೆಂಬದನ್ನು ಗಮನಿಸಿರಿ.

ಪರಕೀಯರ ಸರಕಾರವಾದುದರಿಂದ ಹೀಗಾಯಿತು, ಸ್ವರಾಜ್ಯದಲ್ಲಿ ಹೀಗಾಗದು ಎಂದು ಆಗಿನವರು ನಂಬಿದ್ದರು. ಹಾಗಾದರೆ ಎರಡು ಶತಮಾನಗಳಿಗೂ ಮಿಕ್ಕು ಸ್ವರಾಜ್ಯವನ್ನು ಅನುಭವಿಸಿದ ಅಮೇರಿಕೆಯಲ್ಲಿ ಏನಾಯಿತೆಂಬದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಅಲ್ಲಿಯ ಕನೆಕ್ಟಿಕಟ್ ಸಂಸ್ಥಾನದಲ್ಲಿ ನ್ಯೂ ಲಂಡನ್ ಎಂಬದು ಇಪ್ಪತ್ತನಾಲ್ಕು ಸಾವಿರದೊಳಗಿನ ಜನವಸತಿಯ ಒಂದು ಬಂದರು ಪಟ್ಟಣ. 1996ರಲ್ಲಿ ಅಲ್ಲಿಯ ನೌಕಾದಳದ ಸಂಶೋಧನಾ ಕೇಂದ್ರವು ಮುಚ್ಚಿತು. ಸಾವಿರದ ಐನೂರಕ್ಕೂ ಹೆಚ್ಚು ಜನರ ಉದ್ಯೋಗ ಹೋಯಿತು. ಊರು ಬಡವಾಗಿತ್ತೆಂಬದು ನಿಜ. 1998ರಲ್ಲಿ ಫೈಜರ್ ಎಂಬ ಔಷಧ ಕಂಪನಿಯು ಮೂವತ್ತು ಕೋಟಿ ಡಾಲರುಗಳ ವೆಚ್ಚದಲ್ಲಿ ಅಲ್ಲಿಯ ಫೋರ್ಟ್ ಟ್ರಂಬಲ್ ಮೊಹಲ್ಲೆಯ ಪಕ್ಕಕ್ಕೆ ಸಂಶೋಧನಾಲಯವನ್ನು ಕಟ್ಟುವೆನೆಂದು ಸಾರಿತು. ಊರಿನವರ ಕಣ್ಣುಗಳು ಅರಳಿದವು. ಕಂಪನಿಯ ನೆರಳಿನಲ್ಲಿ ಹೋಟೆಲು, ದೋಣಿಕಟ್ಟೆ, ಕಚೇರಿಗಳು, ಹೊಸ ಮನೆಗಳು ಎಂದು ತೊಂಬತ್ತು ಎಕರೆಗಳ ಯೋಜನೆಯೊಂದು ತಯಾರಾಯಿತು. ಸಾವಿರಕ್ಕೂ ಮಿಕ್ಕಿ ಉದ್ಯೋಗಗಳು ಬರುವವು, ಕರದ ಉತ್ಪನ್ನ ಹೆಚ್ಚುವದು ಎಂದು ಲೆಕ್ಕ ಹೇಳಿದರು. ಯೋಜನೆಯನ್ನು ನಡೆಯಿಸುವ ಅಧಿಕಾರವು ಜನರು ಚುನಾಯಿಸದ ಒಂದು ಖಾಸಗಿ ಅಭಿವೃದ್ಧಿ ಸಂಸ್ಥೆಗೆ ಬಂದಿತು. ಜಾಗವನ್ನು ಕಟ್ಟಡದ ಕಂಪನಿಯೊಂದಕ್ಕೆ ತೊಂಬತ್ತೊಂಬತ್ತು ವರ್ಷಗಳ ಗುತ್ತಿಗೆಗೆ, ವರ್ಷಕ್ಕೆ ಒಂದು ಡಾಲರಿನಂತೆ, ಕೊಡುವ ಮಾತುಕತೆಯೂ ನಡೆದಿತ್ತು.

ಆ ಮೊಹಲ್ಲೆಯಲ್ಲಿ ಸುಮಾರು ನೂರ ಹದಿನೈದು ಖಾಸಗಿ ಸ್ವತ್ತುಗಳು. ಬಹುಜನರು ಬೆಲೆ ತೆಗೆದುಕೊಂಡು ಹೊರಟುಹೋದರು. ಒಂಬತ್ತು ಜನರು ಮಾತ್ರ, ಹದಿನೈದು ಸ್ವತ್ತುಗಳ ಒಡೆಯರು, ಒಲ್ಲೆವೆಂದರು. ಅವರಲ್ಲಿ ವಿಲ್ಹೆಲ್ಮಿನಾ ಡೆರಿ ಎಂಬ ಮುದುಕಿ 1918ರಲ್ಲಿ ಅದೇ ಮನೆಯಲ್ಲಿ ಹುಟ್ಟಿ ಅಲ್ಲಿಯೇ ಬಾಳಿದವಳು. ಅವಳ ಗಂಡನೂ ಮದುವೆಯಾದಂದಿನಿಂದ ಅರವತ್ತು ವರ್ಷ ಅದೇ ಸೂರಿನಡಿಯಲ್ಲಿ ಕಳೆದವನು. ಸುಸೆಟ್ ಕೆಲೊ ಎಂಬವಳು 1997ರಲ್ಲಿ ಸಣ್ಣದೊಂದು ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, ಕಿಡಕಿಯಿಂದ ನೀರು ಕಾಣುತ್ತದೆಂದು ಹಿಗ್ಗುತ್ತಿದ್ದವಳು. ಈ ಮನೆಗಳು ಹಾಳುಬಿದ್ದಿದ್ದವೆಂದು ನಗರದವರೂ ಹೇಳಲಿಲ್ಲ. ಯೋಜನೆಯ ಗೆರೆಯೊಳಗೆ ಬಿದ್ದದ್ದೇ ಅವುಗಳ ಅಪರಾಧ. ಅದೇ ಗೆರೆಯೊಳಗಿದ್ದ ಒಂದು ಕ್ಲಬ್ಬಿನ ಕಟ್ಟಡವನ್ನು ಮಾತ್ರ ಬಿಟ್ಟುಕೊಟ್ಟರು. ಮುದುಕಿಯ ಮನೆಗೆ ಸಿಗದ ದಯೆಯು ಕ್ಲಬ್ಬಿಗೆ ಸಿಕ್ಕಿತು!

2000ದ ನವ್ಹೆಂಬರದಲ್ಲಿ ಸ್ವಾಧೀನದ ಕ್ರಮ ಮೊದಲಾಯಿತು. ಮುಂದಿನ ತಿಂಗಳಲ್ಲಿಯೇ ಒಂಬತ್ತು ಜನರು ದಾವೆ ಹೂಡಿದರು. ಅಲ್ಲಿಯ ಘಟನೆಯ ಐದನೆಯ ತಿದ್ದುಪಡಿಯು ಖಾಸಗಿ ಸ್ವತ್ತನ್ನು ಸಾರ್ವಜನಿಕ ಉಪಯೋಗಕ್ಕಾಗಿ ಮಾತ್ರ, ಅದೂ ನ್ಯಾಯವಾದ ಪರಿಹಾರ ಕೊಟ್ಟು, ತೆಗೆದುಕೊಳ್ಳಬಹುದೆಂಬ ಅರ್ಥವುಳ್ಳದ್ದು. ಉಪಯೋಗವೆಂದರೆ ರಸ್ತೆ, ಶಾಲೆ, ಸೇತುವೆ. ಒಬ್ಬನ ಮನೆಯನ್ನು ಕಿತ್ತು ಮತ್ತೊಬ್ಬನಿಗೆ ಕೊಟ್ಟು ಅವನಿಂದ ಹೆಚ್ಚು ಕರ ಬಂದೀತೆನ್ನುವದು ಎಂಥ ಸಾರ್ವಜನಿಕ ಉಪಯೋಗ ಎಂದು ಅವರ ವಾದ. ಸಂಸ್ಥಾನದ ವರಿಷ್ಠ ನ್ಯಾಯಾಲಯದಲ್ಲಿ ನಾಲ್ವರು ಅವರ ವಿರುದ್ಧ, ಮೂವರು ಪರ. 2005ರ ಜೂನ 23ರಂದು ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯದಲ್ಲಿ ಐವರು ವಿರುದ್ಧ, ನಾಲ್ವರು ಪರ. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸರು, ಊರಿನ ಆರ್ಥಿಕ ಏಳಿಗೆಯೂ ಸಾರ್ವಜನಿಕ ಉದ್ದೇಶವೇ, ಯೋಜನೆಯ ಗುಣದೋಷಗಳನ್ನು ತೂಗುವದು ನ್ಯಾಯಾಲಯದ ಕೆಲಸವಲ್ಲ ಎಂದರು. ಭಿನ್ನಮತದ ನ್ಯಾಯಮೂರ್ತಿ ಓ’ಕಾನರರು, ಹಾಗಾದರೆ ಹೆಚ್ಚು ಕರ ಕೊಡಬಲ್ಲ ಯಾವನಾದರೂ ಬಂದೊಡನೆ ಯಾರ ಮನೆಯೂ ಉಳಿಯಲಾರದು, ಬಡವನ ಜಾಗವು ಬಲ್ಲಿದನ ಕಡೆಗೆ ಹರಿಯುವದು ಎಂಬ ಭಾವವನ್ನು ತೋಡಿಕೊಂಡರು.

ಮುಂದಿನದನ್ನು ಕೇಳಿರಿ. ಕೆಲೊಳ ಮನೆಯನ್ನು ಕಳಚಿ ಊರಿನ ಬೇರೆ ಬೀದಿಯಲ್ಲಿ 2008ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. 2009ರಲ್ಲಿ ಫೈಜರ್ ಕಂಪನಿಯು ನ್ಯೂ ಲಂಡನ್ನಿನಿಂದ ಕಾಲ್ತೆಗೆಯುವೆನೆಂದು ಸಾರಿತು. ಹೋಟೆಲೂ ಬರಲಿಲ್ಲ, ಸಾವಿರ ಉದ್ಯೋಗಗಳೂ ಬರಲಿಲ್ಲ. ಮುದುಕಿ ಹುಟ್ಟಿದ ಮನೆಯಿದ್ದೆಡೆಯಲ್ಲಿ ಎಷ್ಟೋ ವರ್ಷಗಳ ವರೆಗೆ ಹುಲ್ಲು ಬೆಳೆದು ಬೀದಿಬೆಕ್ಕುಗಳು ವಾಸವಾಗಿದ್ದವು. ಆದರೆ ಸೋತ ಆ ಒಂಬತ್ತು ಜನರ ಸೋಲು ವ್ಯರ್ಥವಾಗಲಿಲ್ಲ. ದೇಶದಲ್ಲೆಲ್ಲ ಕೋಲಾಹಲವೆದ್ದು, ನಾಲ್ವತ್ತಕ್ಕೂ ಹೆಚ್ಚು ಸಂಸ್ಥಾನಗಳು ತಮ್ಮ ಸ್ವಾಧೀನದ ಕಾಯದೆಗಳನ್ನು ತಿದ್ದಿಕೊಂಡವು. ತಿದ್ದಿದ್ದರಲ್ಲಿ ಕೆಲವು ಗಟ್ಟಿ, ಕೆಲವು ಜೊಳ್ಳು, ಅದಿರಲಿ.

ಖಾಸಗಿ ಸ್ವತ್ತನ್ನು ದೇವರ ಮೂರ್ತಿಯಂತೆ ಮುಟ್ಟಬಾರದೆಂದು ನಾವು ಹೇಳುವವರಲ್ಲ. ಅದೇ ಸರಕಾರದ ಕೈಯೇ 1974ರಿಂದ ನಮ್ಮ ನಾಡಿನಲ್ಲಿ ಉಳುವವನಿಗೆ ಒಡೆತನ ಕೊಟ್ಟಿತು; ಅದನ್ನು ತಪ್ಪೆನ್ನುವ ಎದೆ ನಮಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಬಾಗಿಲಕೋಟೆಯ ಹಳೆಯ ಊರಿನ ಓಣಿ ಓಣಿಗಳನ್ನು ಬಿಟ್ಟು ಜನರು ನವನಗರಕ್ಕೆ ಹೋದರು; ನಾಡಿನ ಹೊಲಗಳಿಗೆ ನೀರು ಹರಿಯಲೆಂದು ಅವರು ತೆತ್ತ ಬೆಲೆಯನ್ನು ನಾವು ಹಗುರಾಗಿ ಆಡಬಾರದು. ಬಹುಜನರಿಗಾಗಿ ಕೆಲವರಿಂದ ತೆಗೆಯುವದು ಒಂದು. ಬಡವನ ಅಂಗಳವನ್ನು ಅಭಿವೃದ್ಧಿಯೆಂಬ ಹೆಸರಿನಲ್ಲಿ ಕಂಪನಿಯ ಕೈಗೆ ದಾಟಿಸುವದು ಮತ್ತೊಂದು. ಇವೆರಡರ ನಡುವಿನ ಗೆರೆಯನ್ನು ಯಾರು ಎಳೆಯಬೇಕೆಂಬದೇ ನಮ್ಮ ತಕರಾರು.

ಈಗ ನಮ್ಮ ಅಂಗಳಕ್ಕೆ ಬರೋಣ. 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಿಂದ ಸ್ವತ್ತಿನ ಹಕ್ಕು ನಮ್ಮ ರಾಜ್ಯಘಟನೆಯ ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಬಿದ್ದಿತು. 300-ಅ ಅನುಚ್ಛೇದದಲ್ಲಿ, ಕಾಯದೆಯ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಬಾರದೆಂದು ಉಳಿಯಿತು. ಅದರ ಫಲವನ್ನು ಬೆಂಗಳೂರಿನ ಹತ್ತಿರದ ಗೊಟ್ಟಿಗೆರೆಯಲ್ಲಿ ನೋಡಿರಿ. 1995ರಿಂದ 1997ರ ವರೆಗೆ ಕೆಲವರು ಅಲ್ಲಿ ಮನೆ ಕಟ್ಟಬೇಕೆಂದು ನಿವೇಶನಗಳನ್ನು ಕೊಂಡರು. 2003ರಲ್ಲಿ ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರಿಗಾಗಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಅಧಿಸೂಚನೆ ಹೊರಡಿಸಿತು. 2005ರಲ್ಲಿ ಜಾಗವನ್ನು ಹಿಡಿದುಕೊಂಡಿತು. ಪರಿಹಾರದ ನಿರ್ಣಯವೇ ಆಗಲಿಲ್ಲ. ನ್ಯಾಯಾಲಯನಿಂದೆಯ ಪ್ರಕರಣ ಹೂಡಿದ ಬಳಿಕ 2019ರಲ್ಲಿ ನಿರ್ಣಯವಾಯಿತು, ಅದೂ 2011ರ ದರದ ಮೇಲೆ. ಕಡೆಗೆ 2025ರ ಜನೇವರಿ 2ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅಧಿಕಾರಿಗಳ ಜಡತೆಯನ್ನು ಹಳಿದು, 2019ರ ಎಪ್ರಿಲಿನ ಪೇಟೆಯ ಬೆಲೆಯಂತೆ ಹೊಸ ನಿರ್ಣಯ ಮಾಡಬೇಕೆಂದು ಆಜ್ಞಾಪಿಸಿತು. ಗೆದ್ದರೆಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಏನು ಗೆದ್ದರು? ಇಪ್ಪತ್ತೆರಡು ವರ್ಷಗಳ ತರುವಾಯ ಬೆಲೆಯನ್ನು ಗೆದ್ದರು. ‘ಯಾಕೆ?’ ಎಂಬ ಪ್ರಶ್ನೆಯು ಆ ವ್ಯಾಜ್ಯದಲ್ಲಿ ಇರಲೇ ಇಲ್ಲ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು ಬೇರೆ ದಾರಿ ಹಿಡಿದರು. ವಿಮಾನೋದ್ಯಮಕ್ಕೆಂದು 1,777 ಎಕರೆ ಕೇಳಿದಾಗ, ದರದ ಮಾತೇ ಬೇಡ, ಕೊಡುವದಿಲ್ಲವೆಂದು ಮೂರು ವರ್ಷಗಳಿಗೂ ಮಿಕ್ಕಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟೆವೆಂದರು. ಸ್ವಂತ ಇಚ್ಛೆಯಿಂದ ಕೊಡುವವರಿಂದ ಮಾತ್ರ ಹೆಚ್ಚಿನ ಬೆಲೆಗೆ ಕೊಳ್ಳುವೆವೆಂದೂ ಸೇರಿಸಿದರು. ಮುಳಶಿಯ ಸಾವಕಾರರನ್ನು ಬಲ್ಲವರಿಗೆ ಆ ಕಡೆಯ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

2013ರ ಹೊಸ ಕಾಯದೆಯಲ್ಲಿ ಸಾಮಾಜಿಕ ಪರಿಣಾಮದ ಪರಿಶೀಲನೆಯಿದೆ; ಖಾಸಗಿ ಕಂಪನಿಗಾದರೆ ನೂರಕ್ಕೆ ಎಂಬತ್ತು, ಸರಕಾರವೂ ಕಂಪನಿಯೂ ಕೂಡಿದ ಕೆಲಸಕ್ಕಾದರೆ ನೂರಕ್ಕೆ ಎಪ್ಪತ್ತು ಕುಟುಂಬಗಳ ಒಪ್ಪಿಗೆ ಬೇಕು. ಆದರೆ 2019ರಲ್ಲಿ ನಮ್ಮ ರಾಜ್ಯವು ತಿದ್ದುಪಡಿ ಮಾಡಿ ಕೈಗಾರಿಕಾ ಕಾರಿಡಾರು ಮೊದಲಾದ ಕೆಲಸಗಳಿಗೆ ಆ ಪರಿಶೀಲನೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ತಾನೇ ಇಟ್ಟುಕೊಂಡಿತು. ಕೈಗಾರಿಕಾ ಪ್ರದೇಶಗಳ 1966ರ ಕಾಯದೆಯಲ್ಲಂತೂ ಆ ಪರಿಶೀಲನೆಯೂ ಇಲ್ಲ, ಒಪ್ಪಿಗೆಯ ಲೆಕ್ಕವೂ ಇಲ್ಲ. ಈ ಎರಡನ್ನೂ ತಿದ್ದಬೇಕೆಂದು ನಮ್ಮ ಶಾಸಕರನ್ನು ಊರೂರಿನಲ್ಲಿ ಕೇಳತಕ್ಕದ್ದು. ನೆರೆರಾಜ್ಯದವರು ಮಾಡಿದರೆಂದು ನಾವೂ ಮಾಡಿದೆವೆಂಬ ಉತ್ತರವನ್ನು ಒಪ್ಪಿಕೊಳ್ಳತಕ್ಕದ್ದಲ್ಲ.

ಅಲ್ಲಿಯ ವರೆಗೆ ಕೈಯಲ್ಲಿರುವ ಆಯುಧವನ್ನಾದರೂ ಬಳಸೋಣ. 2013ರ ಕಾಯದೆಯ 15ನೆಯ ಕಲಮು, ಜಾಗದ ವಿಸ್ತಾರದ ಮತ್ತು ಯೋಗ್ಯತೆಯ ಮೇಲೆ ಮಾತ್ರವಲ್ಲದೆ, ಸಾರ್ವಜನಿಕ ಉದ್ದೇಶಕ್ಕೆ ಸರಕಾರವು ಹೇಳಿದ ಸಮರ್ಥನೆಯ ಮೇಲೆಯೂ ತಕರಾರು ಹೇಳಬಹುದೆಂದು ಸ್ಪಷ್ಟವಾಗಿ ಬರೆದಿದೆ. ಕಲೆಕ್ಟರರು ಅದನ್ನು ಕೇಳಲೇಬೇಕು. 1966ರ ಕಾಯದೆಯಲ್ಲಿಯೂ 28ನೆಯ ಕಲಮಿನ ಮೇರೆಗೆ ಕಾರಣ ಕೇಳುವ ನೋಟೀಸು ಕೊಟ್ಟೇ ಮುಂದುವರಿಯಬೇಕು. ಹೀಗಿದ್ದೂ ವಕೀಲರಾದ ನಾವು ಬರೆಯುವ ತಕರಾರು ಅರ್ಜಿಗಳಲ್ಲಿ ಹತ್ತಕ್ಕೆ ಒಂಬತ್ತು ಬೆಲೆಯ ಮಾತಿನಿಂದಲೇ ಮೊದಲಾಗುತ್ತವೆ. ಈ ತಪ್ಪು ನಮ್ಮದು; ಬೇರೆ ಯಾರ ಮೇಲೂ ಹೊರಿಸುವದಿಲ್ಲ.

ಈ ಸಭೆಯಲ್ಲಿ ಶಾಲಾ ಮಾಸ್ತರರು ಬಹಳ ಜನ ಕೂಡಿದ್ದೀರಿ. ಊರಿನ ಪಂಚಾಯತಿಯ ಗೋಡೆಗೆ ಅಧಿಸೂಚನೆ ಬಿದ್ದಾಗ ಅದನ್ನು ಓದಬಲ್ಲವರು ಮೊದಲಿಗೆ ನೀವೇ. ಓದಿ, ನಾಲ್ಕು ಜನರನ್ನು ಕೂಡಿಸಿ, ಏನು ಕಟ್ಟುತ್ತಾರೆ, ಯಾರ ಕೈಗೆ ಹೋಗುತ್ತದೆ, ಸರಕಾರದ ಬೇರೆ ಜಾಗ ಸಮೀಪದಲ್ಲಿಲ್ಲವೇ ಎಂಬ ಮೂರು ಪ್ರಶ್ನೆಗಳನ್ನು ಅರ್ಜಿಯ ಮೊದಲ ಪುಟದಲ್ಲಿಯೇ ಬರೆಯಿಸಿರಿ. ಬಾವಿ, ತೆಂಗು, ಗೋಡೆಗಳ ಲೆಕ್ಕ ಹಿಂದಿನ ಪುಟದಲ್ಲಿರಲಿ. ಅರ್ಜಿಯನ್ನು ಕೊಟ್ಟುದಕ್ಕೆ ತಪ್ಪದೆ ಪಾವತಿ ತೆಗೆದುಕೊಳ್ಳಿರಿ. 2013ರ ಕಾಯದೆಯ ಮೇರೆಗೆ ಸಿಗುವ ಅವಧಿಯು ಅರವತ್ತು ದಿವಸ. ಅದನ್ನು ಎಣಿಸುವದು ಕಾಗದವು ಮನೆಗೆ ಬಂದ ದಿನದಿಂದಲ್ಲ, ಅಧಿಸೂಚನೆಯು ಪ್ರಕಟವಾದ ದಿನದಿಂದ.