ಮನಸ್ಸಿನ ವಾದ, ಮನಸ್ಸಿನ ಅಳತೆ



ನಮ್ಮ ಪದವಿ ತರಗತಿಗಳ ಮನೋವಿಜ್ಞಾನದ ಪುಸ್ತಕಗಳೆಲ್ಲ ಒಂದೇ ಊರಿನಿಂದ ಶುರುವಾಗುತ್ತವೆ: ಜರ್ಮನಿಯ ಲೈಪ್‌ಜಿಗ್, 1879ನೇ ಇಸವಿ, ವಿಲ್ಹೆಲ್ಮ್ ವುಂಟ್ ತೆರೆದ ಪ್ರಯೋಗಾಲಯ. ಆ ವರ್ಷ ಸುಳ್ಳಲ್ಲ. ಆದರೆ ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡುವ ಗೌರಿಬಿದನೂರಿನ, ಚಿಂತಾಮಣಿಯ ಮಕ್ಕಳಿಗೆ ವುಂಟ್ ಯಾವ ಪ್ರಶ್ನೆ ಹೊತ್ತುಕೊಂಡು ಆ ಕೋಣೆಗೆ ಹೋದ ಎಂಬುದನ್ನು ನಾವು ಹೇಳುವುದಿಲ್ಲ. ಅದೇ ಪ್ರಶ್ನೆಯನ್ನು ನಮ್ಮ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಎಷ್ಟೋ ಶತಮಾನ ಮೊದಲೇ ಎತ್ತಿಕೊಂಡು ಹಗಲಿರುಳು ವಾದ ಮಾಡಿದ್ದರು ಎಂಬುದನ್ನಂತೂ ಹೇಳುವುದೇ ಇಲ್ಲ. ಈ ಎರಡೂ ಲೋಪಗಳನ್ನು ಕೊಂಚ ತುಂಬಲು ನಾನು ಈ ದತ್ತಿ ಉಪನ್ಯಾಸವನ್ನು ಬಳಸಿಕೊಳ್ಳುತ್ತೇನೆ.

ಪ್ರಶ್ನೆ ಇದು: ಮನಸ್ಸು ಒಂದೇ ಗಳಿಗೆಯಲ್ಲಿ ಎರಡು ಸಂಗತಿಗಳನ್ನು ಅರಿಯಬಲ್ಲದೆ?

ಗೌತಮನ ನ್ಯಾಯಸೂತ್ರದ ಉತ್ತರ, ಇಲ್ಲ. ಕಣ್ಣು ತೆರೆದಿದೆ, ಕಿವಿ ತೆರೆದಿದೆ, ಮೂಗಿಗೆ ವಾಸನೆ ತಾಗುತ್ತಿದೆ. ಆದರೂ ಒಮ್ಮೆಗೆ ಒಂದೇ ಅರಿವು ಹುಟ್ಟುತ್ತದೆ. ಹಾಗಾದರೆ ಇಂದ್ರಿಯಗಳ ಹಿಂದೆ ಇನ್ನೊಂದು ಇದೆ, ಅದು ಒಂದೊಂದರ ಬಳಿಗೆ ಸರದಿಯಲ್ಲಿ ಹೋಗುತ್ತದೆ, ಅದೇ ಮನಸ್ಸು. ಎರಡು ಕಡೆ ಒಟ್ಟಿಗೆ ಇರಲಾರದ್ದರಿಂದ ಅದು ಅಣುವಿನಷ್ಟು ಚಿಕ್ಕದು. ಇಲ್ಲಿ ಮನಸ್ಸು ಇದೆ ಎಂಬುದಕ್ಕೆ ಶ್ರುತಿಯನ್ನು ಸಾಕ್ಷಿಗೆ ಕರೆಯಲಿಲ್ಲ, ನಮ್ಮ ನಿತ್ಯದ ಅನುಭವವನ್ನೇ ಕರೆದರು ಎಂಬುದನ್ನು ಗಮನಿಸಿ.

ಎದುರಾಳಿ ಸುಮ್ಮನಿರಲಿಲ್ಲ. ಒಂದು ಉದ್ದನೆಯ ಚಕ್ಕುಲಿ ತಿನ್ನುವವನನ್ನು ನೋಡು ಎಂದ. ಅದರ ಬಣ್ಣ ಕಣ್ಣಿಗೆ ಕಾಣುತ್ತಿದೆ, ಎಣ್ಣೆಯ ಕಂಪು ಮೂಗಿಗೆ ಬರುತ್ತಿದೆ, ಉಪ್ಪು ಖಾರ ನಾಲಿಗೆಗೆ, ಒರಟು ಮೈ ಬೆರಳಿಗೆ, ಹಲ್ಲಿನಲ್ಲಿ ಮುರಿದ ಸದ್ದು ಕಿವಿಗೆ. ಐದೂ ಒಟ್ಟಿಗೇ ಆಗುತ್ತಿವೆಯಲ್ಲ? ಇಂದಿಗೂ ತರ್ಕದ ವಿದ್ಯಾರ್ಥಿಗಳು ಓದುವ ವಿಶ್ವನಾಥ ಪಂಚಾನನರ ಮುಕ್ತಾವಳಿಯಲ್ಲಿ ಈ ಚಕ್ಕುಲಿ ಇದೆ. ಅದಕ್ಕೆ ನೈಯಾಯಿಕನ ಸಮಾಧಾನವೂ ಇದೆ: ಒಂದರ ಮೇಲೊಂದು ಇಟ್ಟ ನೂರು ಕಮಲದ ಎಸಳುಗಳನ್ನು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುತ್ತದೆ. ಆದರೆ ಮೇಲಿನ ಎಸಳು ತೂತಾಗದೆ ಕೆಳಗಿನದು ತೂತಾಗುವಂತಿಲ್ಲ. ಮನಸ್ಸಿನ ವೇಗ ಅಷ್ಟು ಹೆಚ್ಚು, ನಡುವಿನ ಬಿಡುವು ನಮಗೆ ಕಾಣುವುದಿಲ್ಲ. ಸಾಂಖ್ಯರು ಇದನ್ನು ಪೂರ್ತಿ ಒಪ್ಪಲಿಲ್ಲ. ಅವರ ಆಚಾರ್ಯ ಈಶ್ವರಕೃಷ್ಣನ ಪ್ರಕಾರ ಬುದ್ಧಿ, ಅಹಂಕಾರ, ಮನಸ್ಸು, ಇಂದ್ರಿಯ ಇವು ಕೆಲವೊಮ್ಮೆ ಒಟ್ಟಿಗೆ, ಕೆಲವೊಮ್ಮೆ ಸಾಲಾಗಿ ಕೆಲಸ ಮಾಡುತ್ತವೆ. ಭಾಟ್ಟ ಮೀಮಾಂಸಕರು ಮನಸ್ಸು ಅಣುವೇ ಅಲ್ಲ ಎಂದರು.

ವಾದ ಇಷ್ಟು ಸೊಗಸಾಗಿತ್ತು, ಆದರೆ ಮುಂದಕ್ಕೆ ಹೋಗಲಿಲ್ಲ. ಎಸಳಿಗೂ ಎಸಳಿಗೂ ನಡುವೆ ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದ್ದರೆ ಆ ಹೊತ್ತನ್ನು ಹಿಡಿಯುವ ಗಡಿಯಾರ ಅವರಲ್ಲಿ ಇರಲಿಲ್ಲ. ಯುರೋಪಿನಲ್ಲೂ ಬಹಳ ಕಾಲ ಇರಲಿಲ್ಲ. 1786ರಲ್ಲಿ ಇಮ್ಯಾನುಯೆಲ್ ಕಾಂಟ್ ಮನಸ್ಸಿನ ವಿದ್ಯಮಾನಗಳಿಗೆ ಗಣಿತ ಹೊಂದುವುದಿಲ್ಲವಾದ್ದರಿಂದ ಮನಶ್ಶಾಸ್ತ್ರ ನಿಜವಾದ ವಿಜ್ಞಾನವಾಗಲಾರದು ಎಂದೇ ತೀರ್ಮಾನ ಕೊಟ್ಟುಬಿಟ್ಟ.

ಗಡಿಯಾರ ಬಂದದ್ದು ಖಗೋಳಶಾಸ್ತ್ರದ ಬಾಗಿಲಿನಿಂದ. ಗ್ರೀನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಗುರುತಿಸಬೇಕಿತ್ತು. ಕಣ್ಣಿಗೊಂದು ಕೆಲಸ, ಕಿವಿಗೊಂದು. 1796ರಲ್ಲಿ ಅಲ್ಲಿನ ಸಹಾಯಕ ಕಿನ್ನೆಬ್ರೂಕ್ ತನ್ನ ಮೇಲಧಿಕಾರಿ ಮಾಸ್ಕೆಲೈನ್‌ಗಿಂತ ಸುಮಾರು 0.8 ಸೆಕೆಂಡ್ ತಡವಾಗಿ ಗುರುತಿಸುತ್ತಿದ್ದ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ. ಅವನು ಸೋಮಾರಿಯಾಗಿರಲಿಲ್ಲ. ಮನುಷ್ಯ ಮನುಷ್ಯನಿಗೆ ಈ ಹೊತ್ತು ಬೇರೆಬೇರೆ ಎಂದು ಬೆಸೆಲ್ ಎಂಬ ಖಗೋಳಜ್ಞ 1820ರ ದಶಕದಲ್ಲಿ ತೋರಿಸಿದ. ಕಿನ್ನೆಬ್ರೂಕ್‌ನಿಗೆ ಆದ ಅನ್ಯಾಯವನ್ನು ಮನೋವಿಜ್ಞಾನದ ಪ್ರತಿ ವಿದ್ಯಾರ್ಥಿಗೂ ಹೇಳಬೇಕು ಎಂಬುದು ನನ್ನ ಆಸೆ. 1850ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಪ್ರಚೋದನೆ ಸಾಗುವ ವೇಗವನ್ನೇ ಅಳೆದ: ಸೆಕೆಂಡಿಗೆ ಸುಮಾರು 27 ಮೀಟರ್. ಮಿಂಚಿನಂತೆ ಎಂದು ಎಲ್ಲರೂ ನಂಬಿದ್ದದ್ದು ಓಡುವ ರೈಲಿಗೆ ಹತ್ತಿರದ ವೇಗವಾಗಿ ಹೊರಬಿತ್ತು.

1861ರಲ್ಲಿ, ಇನ್ನೂ ಲೈಪ್‌ಜಿಗ್‌ಗೆ ಬಾರದ ತರುಣ ವುಂಟ್ ತನ್ನ ಮನೆಯ ಲೋಲಕದ ಗಡಿಯಾರಕ್ಕೆ ಒಂದು ಗಂಟೆ ಜೋಡಿಸಿದ. ಲೋಲಕ ಅಳತೆಪಟ್ಟಿಯ ಮೇಲೆ ಒಂದು ಜಾಗಕ್ಕೆ ಬಂದಾಗ ಗಂಟೆ ಬಾರಿಸುತ್ತದೆ. ಸದ್ದು ಕೇಳಿದ ಗಳಿಗೆಗೆ ಲೋಲಕ ಎಲ್ಲಿದೆ ಎಂದು ನೋಡಿದರೆ ಅದು ನಿಜವಾದ ಜಾಗದಲ್ಲಿ ಕಾಣುವುದೇ ಇಲ್ಲ. ಸದ್ದಿನಿಂದ ನೋಟಕ್ಕೆ ಗಮನ ದಾಟಲು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು ಬೇಕು ಎಂದು ಅವನು ಲೆಕ್ಕ ಹಾಕಿದ. ಚಕ್ಕುಲಿಯ ಪ್ರಶ್ನೆಗೆ ಅಂಕಿಯಲ್ಲಿ ಸಿಕ್ಕ ಮೊದಲ ಉತ್ತರ ಇದು ಎಂದು ನಾನು ತಿಳಿಯುತ್ತೇನೆ. ವುಂಟ್‌ಗೆ ಮುಕ್ತಾವಳಿ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಮ್ಮವರು ಎಲ್ಲವನ್ನೂ ಆಗಲೇ ಕಂಡುಹಿಡಿದಿದ್ದರು ಎಂಬ ಭಾಷಣ ಈಚೆಗೆ ಹೆಚ್ಚು ಕೇಳುತ್ತಿದೆ. ಅದು ನ್ಯಾಯಶಾಸ್ತ್ರಕ್ಕೆ ಗೌರವವಲ್ಲ. ಅವರು ಪ್ರಶ್ನೆಯನ್ನು ಸರಿಯಾಗಿ ಕೇಳಿದರು, ಸರಿಯಾದ ಪ್ರತಿವಾದವನ್ನು ಮುಂದಿಟ್ಟುಕೊಂಡರು. ಆ ಕೀರ್ತಿಯೇ ಸಾಕಷ್ಟು ದೊಡ್ಡದು.

ಕನ್ನಡ ತೆಲುಗು ಎರಡೂ ಮನೆಮಾತಾಗಿರುವ ನಮ್ಮ ಈ ಭಾಗದ ಜನಕ್ಕೆ, ಒಬ್ಬನೇ ಹಲವು ಕಡೆ ಗಮನವಿಟ್ಟು ಪದ್ಯ ಕಟ್ಟುವ ಅವಧಾನ ಕಲೆ ಗೊತ್ತಿದೆ. ಅಷ್ಟಾವಧಾನದಲ್ಲಿ ಪ್ರಶ್ನೆ ಕೇಳುವ ಪೃಚ್ಛಕರಲ್ಲಿ ಒಬ್ಬ ಸಮಸ್ಯೆ ಕೊಡುತ್ತಾನೆ, ಇನ್ನೊಬ್ಬ ಅಕ್ಷರಕ್ಕೆ ಅಕ್ಷರ ನಿಷೇಧ ಹಾಕುತ್ತಾನೆ, ಮತ್ತೊಬ್ಬ ಅಪ್ರಸ್ತುತ ಮಾತಾಡಿ ದಾರಿ ತಪ್ಪಿಸುತ್ತಾನೆ. ನಡುನಡುವೆ ಯಾರೋ ಗಂಟೆ ಬಾರಿಸುತ್ತಿರುತ್ತಾರೆ, ಕೊನೆಗೆ ಎಷ್ಟು ಸಲ ಬಾರಿಸಿತು ಎಂದು ಅವಧಾನಿ ಹೇಳಬೇಕು. ಕೋಲಾರದಲ್ಲಿ ಹುಟ್ಟಿದ ಶತಾವಧಾನಿ ಆರ್. ಗಣೇಶ್ ಅವರು ಕನ್ನಡದಲ್ಲಿ ಈ ಕಲೆಗೆ ಮತ್ತೆ ಜೀವ ತುಂಬಿದವರು. ಪದ್ಯದ ಪಾದ ಕಟ್ಟುತ್ತಿರುವಾಗ ಬಿದ್ದ ಗಂಟೆಯ ಪೆಟ್ಟು ಅವಧಾನಿಯ ಮನಸ್ಸಿನಲ್ಲಿ ಎಲ್ಲಿ ಕೂತಿರುತ್ತದೆ? ಗಮನ ಹರಿದಾಡುತ್ತದೆಯೆ, ಹಂಚಿಹೋಗುತ್ತದೆಯೆ? ವುಂಟ್‌ನ ಗಂಟೆಯ ಪಕ್ಕದಲ್ಲಿಟ್ಟು ಓದಬೇಕಾದ ಪಾಠ ನಮ್ಮ ಸಭಾಂಗಣಗಳಲ್ಲೇ ನಡೆಯುತ್ತಿದೆ.

ಇನ್ನು ಆ ಪ್ರಯೋಗಾಲಯ ನಮ್ಮ ನಾಡಿಗೆ ಬಂದ ದಾರಿ. ಬ್ರಜೇಂದ್ರನಾಥ ಸೀಲ್ ಎಂಬ ಬಂಗಾಳಿ ತತ್ತ್ವಜ್ಞಾನಿ 1905ರಲ್ಲೇ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ಬರೆದುಕೊಟ್ಟಿದ್ದರು. 1916ರಲ್ಲಿ ಅಲ್ಲಿ ವಿಭಾಗ ಶುರುವಾಯಿತು. ಅದನ್ನು ನಡೆಸಿದ ಎನ್.ಎನ್. ಸೇನಗುಪ್ತ ಹಾರ್ವರ್ಡ್‌ನಲ್ಲಿ ವುಂಟ್‌ನ ಶಿಷ್ಯ ಮ್ಯೂನ್‌ಸ್ಟರ್‌ಬರ್ಗ್ ಬಳಿ ಕಲಿತವರು. ಪ್ರಾಚೀನ ಹಿಂದೂಗಳ ಭೌತವಿಜ್ಞಾನ, ರಸಾಯನ, ಶರೀರವಿಜ್ಞಾನ, ತರ್ಕವಿಧಾನಗಳನ್ನು ಒಂದೊಂದಾಗಿ ಪರಿಶೀಲಿಸುವ ಸೀಲರ ಇಂಗ್ಲಿಷ್ ಗ್ರಂಥ 1915ರಲ್ಲಿ ಹೊರಬಂತು. ಇದೇ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಹುಟ್ಟಿತು. ಅದರ ಹೊಣೆ ಹೊತ್ತ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿದವರು. ಸ್ಪಿಯರ್‌ಮನ್ ಲೈಪ್‌ಜಿಗ್‌ನಲ್ಲಿ ವುಂಟ್ ಬಳಿ ಡಾಕ್ಟರೇಟ್ ಮಾಡಿದವನು. ಕಲ್ಕತ್ತಾ, ಮೈಸೂರು ಎರಡೂ ಕಡೆಯ ಗುರುಪರಂಪರೆ ಒಂದೇ ಕೋಣೆಗೆ ಹೋಗಿ ಮುಟ್ಟುತ್ತದೆ. 

ನ್ಯಾಯ, ಸಾಂಖ್ಯಗಳ ಮೇಲೆ ಬರೆಯಬಲ್ಲ ಸೀಲರೇ ಪ್ರಯೋಗಾಲಯಕ್ಕೂ ಜಾಗ ಮಾಡಿಕೊಟ್ಟರು ಎಂಬುದು ನನಗೆ ಬಹಳ ಮುಖ್ಯ. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಅಂಟಿಕೊಂಡು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಇದೇ ಮನೋಧರ್ಮ ಅಲ್ಲೂ ಇತ್ತು. 1974ರಲ್ಲಿ ನಿಮ್ಹಾನ್ಸ್ ಆದದ್ದು ಆ ಸಂಸ್ಥೆಯೇ. ಅಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದ ಎಸ್.ಕೆ. ರಾಮಚಂದ್ರರಾಯರು ಸಂಸ್ಕೃತ, ಪಾಲಿ ಎರಡನ್ನೂ ಬಲ್ಲವರು. ಭಾರತದಲ್ಲಿ ಮನಶ್ಶಾಸ್ತ್ರೀಯ ಚಿಂತನೆ ಬೆಳೆದುಬಂದ ಬಗೆಯ ಮೇಲೆ ಅವರ ಪುಸ್ತಕ 1962ರಲ್ಲಿ ಬಂತು.

ಅಳೆಯುವುದಲ್ಲದೆ, ಮನಸ್ಸನ್ನು ಒಳಗಿನಿಂದಲೇ ನೋಡುವ ದಾರಿಯೂ ಉಂಟು. ಕೈವಾರಕ್ಕೆ ಹೋಗದವರು ಈ ಸಭೆಯಲ್ಲಿ ಇರಲಾರರು. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಬೆಟ್ಟದ ಗವಿಯಲ್ಲಿ ಕೂತು ತಪಸ್ಸು ಮಾಡಿ ತಾತಯ್ಯನವರಾದದ್ದು, ಬಾಯಲ್ಲಿಟ್ಟುಕೊಂಡ ಬೆಣಚುಕಲ್ಲು ಸಕ್ಕರೆಯಾದದ್ದು ಚಿಂತಾಮಣಿ ಸೀಮೆಯ ಮಕ್ಕಳಿಗೂ ಗೊತ್ತಿರುವ ಕಥೆ. ತೆಲುಗು, ಕನ್ನಡಗಳಲ್ಲಿ ಅವರು ಹಾಡಿದ ತತ್ತ್ವಗಳ ತುಂಬ ಮನಸ್ಸಿನ ಚಪಲತೆಯ ವಿಚಾರಣೆಯೇ ಇದೆ. ತನ್ನ ಮನಸ್ಸನ್ನು ತಾನೇ ಕಾದು ಕೂತು ನೋಡುವುದು ಒಂದು ಶಿಸ್ತು. ವುಂಟ್‌ನ ಶಿಷ್ಯರೂ ಅಂತರವಲೋಕನ ಎಂಬ ಹೆಸರಿನಲ್ಲಿ ಇದನ್ನೇ ನೆಚ್ಚಿಕೊಂಡರು. ಆದರೆ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆಯ ಗುಂಪು ಚಿತ್ರವಿಲ್ಲದ ಆಲೋಚನೆ ಉಂಟು ಎಂದಿತು, ಅಮೆರಿಕದ ಕಾರ್ನೆಲ್‌ನಲ್ಲಿ ಟಿಚೆನರ್ ಇಲ್ಲವೇ ಇಲ್ಲ ಎಂದ. ಇಬ್ಬರೂ ನೋಡಿದ್ದು ಅವರವರ ಒಳಗನ್ನು. ತೀರ್ಪು ಕೊಡುವವರು ಯಾರು? ಆ ಬೇಸರದಲ್ಲಿ 1913ರಲ್ಲಿ ಅಮೆರಿಕದ ಮನೋವಿಜ್ಞಾನಿ ವಾಟ್ಸನ್ ಮನಸ್ಸನ್ನೇ ಹೊರಗಿಟ್ಟು ವರ್ತನೆಯೊಂದೇ ಸಾಕು ಎಂದ. ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ತಾತಯ್ಯನವರಿಗೆ ಈ ತೊಡಕಿರಲಿಲ್ಲ, ಏಕೆಂದರೆ ಅವರು ಇನ್ನೊಬ್ಬರಿಗೆ ರುಜುವಾತು ಕೊಡಲು ಕೂತವರಲ್ಲ. ಸಾಧಕನಿಗೆ ತನ್ನ ಅನುಭವ ಸಾಕು, ವಿಜ್ಞಾನಕ್ಕೆ ಸಾಲದು. ಇವೆರಡನ್ನು ಬೆರೆಸಿದಾಗಲೇ ಗೊಂದಲ ಆಗುವುದು.

ಆ ಗೊಂದಲ ಹೆಚ್ಚು ನೋವು ಕೊಡುವುದು ಹುಚ್ಚಿನ ವಿಷಯದಲ್ಲಿ. ಮಗಳಿಗೆ ಗಾಳಿ ಸೋಕಿದೆ, ಸೊಸೆಯ ಮೈಮೇಲೆ ಬಂದಿದೆ ಎಂಬ ಮಾತು ನಮ್ಮ ಹಳ್ಳಿಗಳಿಂದ ಹೋಗಿಲ್ಲ. ಉನ್ಮಾದದಲ್ಲಿ ಹೊರಗಿನಿಂದ ಬರುವ ಬಗೆಯೂ ಒಂದು ಎಂದು ಚರಕಸಂಹಿತೆ ಹೇಳುತ್ತದೆ, ನಿಜ. ಆದರೆ ಅದೇ ಸಂಹಿತೆಯ ನಿದಾನಸ್ಥಾನ ಇನ್ನೊಂದು ಮಾತನ್ನೂ ಖಚಿತವಾಗಿ ಹೇಳುತ್ತದೆ: ತಾನೇ ತಪ್ಪು ಮಾಡಿಕೊಳ್ಳದವನನ್ನು ದೇವರಾಗಲಿ ಗಂಧರ್ವ ಪಿಶಾಚಿಗಳಾಗಲಿ ಪೀಡಿಸುವುದಿಲ್ಲ, ಆದ್ದರಿಂದ ದೇವತೆಗಳನ್ನು ದೂರಬೇಡ. ಗ್ರೀಸಿನಲ್ಲಿ ಹಿಪೊಕ್ರಾಟಿಸ್‌ನ ಪರಂಪರೆಯವರು ಮೂರ್ಛೆರೋಗವನ್ನು ದೇವರ ಕಾಟ ಎನ್ನಬೇಡಿ, ಅದು ಮಿದುಳಿನದು ಎಂದರು.

ವಾದ ಮಾಡುವುದು ಒಂದು, ಪರೀಕ್ಷಿಸುವುದು ಇನ್ನೊಂದು. 1784ರಲ್ಲಿ ಪ್ಯಾರಿಸಿನಲ್ಲಿ ಮೆಸ್ಮರ್ ಎಂಬ ವೈದ್ಯನ ‘ಜೈವಿಕ ಕಾಂತಶಕ್ತಿ’ಯ ಹುಚ್ಚು ಹರಡಿತ್ತು. ರಾಜ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನವಿಜ್ಞಾನಿ ಲವಾಸಿಯೆ ಇದ್ದರು. ಫ್ರಾಂಕ್ಲಿನ್ನನ ತೋಟದಲ್ಲಿ ಮೆಸ್ಮರ್‌ನ ಶಿಷ್ಯನೊಬ್ಬ ಒಂದು ಏಪ್ರಿಕಾಟ್ ಮರಕ್ಕೆ ಆ ಶಕ್ತಿಯನ್ನು ‘ತುಂಬಿದ’. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಬೇರೆ ಬೇರೆ ಮರಗಳ ಬಳಿ ಕರೆದೊಯ್ದರು. ಹುಡುಗ ಬೆವತ, ಕೆಮ್ಮಿದ, ನಾಲ್ಕನೆಯ ಮರದ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಅದಾಗಿರಲಿಲ್ಲ, ಅದು ಇನ್ನೂ ದೂರದಲ್ಲಿತ್ತು. ಹುಡುಗ ನಟಿಸಿದ್ದಲ್ಲ, ಬಿದ್ದದ್ದು ನಿಜ. ಬೀಳಿಸಿದ್ದು ಅವನ ಕಲ್ಪನೆ, ಮರವಲ್ಲ. ನಿಮ್ಮ ಊರಿನ ಮೈಮೇಲೆ ಬರುವ ಹೆಣ್ಣುಮಗಳ ಬಗ್ಗೆ ಯೋಚಿಸುವಾಗ ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಡಿ: ಅವಳು ಮೋಸ ಮಾಡುತ್ತಿಲ್ಲ, ದೆವ್ವವೂ ಹಿಡಿದಿಲ್ಲ.

ಈ ಬಗೆಯ ಪರೀಕ್ಷೆಯನ್ನು ಕರ್ನಾಟಕದಲ್ಲಿ ಸಾರ್ವಜನಿಕ ಹಟವಾಗಿ ಮಾಡಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದ, ಅಮೆರಿಕದ ಓಹಿಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಎಚ್. ನರಸಿಂಹಯ್ಯನವರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದು ಅವರಿಂದ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಬೈಗುಳ ಧಾರಾಳವಾಗಿ ಬಂತು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ನಿತ್ಯದ ಮಾತು. ಅದೇ 1976ರಲ್ಲಿ, ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಕನ್ನಡ ಪುಸ್ತಕವೊಂದು ಸಾಹಿತ್ಯದ ಪ್ರಶಸ್ತಿ ಪಡೆದ ಆ ವರ್ಷವನ್ನು ನಾವು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. ಲೈಪ್‌ಜಿಗ್‌ನಲ್ಲಿ ವುಂಟ್‌ಗೂ ಮೊದಲು ಅರ್ನ್ಸ್ಟ್ ವೇಬರ್ ಎಂಬ ಶರೀರವಿಜ್ಞಾನಿ ಇದ್ದ. ಎರಡು ತೂಕಗಳನ್ನು ಕೈಯಲ್ಲೆತ್ತಿ ನೋಡಿದಾಗ ಎಷ್ಟು ವ್ಯತ್ಯಾಸವಿದ್ದರೆ ಗೊತ್ತಾಗುತ್ತದೆ ಎಂದು ಅವನು 1834ರಲ್ಲಿ ಪ್ರಕಟಿಸಿದ. ವ್ಯತ್ಯಾಸ ಇಷ್ಟು ಗ್ರಾಂ ಎಂದಲ್ಲ, ತೂಕದ ಇಷ್ಟನೇ ಪಾಲು ಎಂದು. ಸುಮಾರು ನಲವತ್ತರಲ್ಲಿ ಒಂದು ಪಾಲು. ಫೆಕ್ನರ್ ಇದನ್ನೇ ಬೆಳೆಸಿ 1860ರಲ್ಲಿ ದೊಡ್ಡ ಗ್ರಂಥ ಬರೆದ.

ವೇಬರ್ ಕೇಳಿದ ಪ್ರಶ್ನೆಯನ್ನೇ ಹಿಡಿದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಹರಾಜಿಗೆ ಮುಂಚೆ, ಗೂಡಿನಿಂದ ನೂಲು ತೆಗೆಯುವ ರೀಲರು ಲಾಟಿನೊಳಗೆ ಕೈ ಹಾಕಿ ಗೂಡನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೆಲೆ ಮನಸ್ಸಿನಲ್ಲೇ ಕಟ್ಟುತ್ತಾರೆ. ಗೂಡಿನ ಗಟ್ಟಿತನದಲ್ಲಿ ಎಷ್ಟು ವ್ಯತ್ಯಾಸವಿದ್ದರೆ ಆ ಬೆರಳಿಗೆ ತಿಳಿಯುತ್ತದೆ? ಹೊಸಬನ ಬೆರಳಿಗೆ ಎಷ್ಟು? ಒಪ್ಪಿದವರ ಕಣ್ಣಿಗೆ ಬಟ್ಟೆ ಕಟ್ಟಿ, ಗೂಡುಗಳನ್ನು ಜೋಡಿ ಜೋಡಿಯಾಗಿ ಕೈಗೆ ಕೊಡಿ. ಕೊಡುವವನಿಗೂ ಯಾವುದು ಗಟ್ಟಿ ಎಂದು ಗೊತ್ತಿರಬಾರದು. 1907ರಲ್ಲಿ ಬರ್ಲಿನ್ನಿನ ಮನೋವಿಜ್ಞಾನಿ ಪ್ಫುಂಗ್ಸ್ಟ್ ತೋರಿಸಿದಂತೆ, ಲೆಕ್ಕ ಮಾಡುತ್ತದೆಂದು ಹೆಸರಾದ ಕುದುರೆ ಹಾನ್ಸ್ ಕೂಡ ಪ್ರಶ್ನೆ ಕೇಳಿದವನ ತಲೆಯ ಸಣ್ಣ ಅಲುಗಾಟ ನೋಡಿಯೇ ಉತ್ತರ ಹೇಳುತ್ತಿತ್ತು. ಪ್ರತಿ ಜೋಡಿಗೂ ಸರಿ ತಪ್ಪು ಬರೆದುಕೊಳ್ಳಿ, ಹೊಸಬರದನ್ನು ಬೇರೆಯಾಗಿ ಬರೆಯಿರಿ. ವರದಿ ಕನ್ನಡದಲ್ಲಿರಲಿ. ಅದನ್ನು ಅಚ್ಚಿಗೆ ಕೊಡುವ ಮೊದಲು ಆ ರೀಲರುಗಳಿಗೇ ಓದಿಹೇಳಿ. ಇದು ಹೀಗಲ್ಲ ಎಂದು ಅವರು ಅಂದರೆ, ಮಾರನೆಯ ದಿನ ಮತ್ತೆ ಮಾರುಕಟ್ಟೆಗೆ ಹೋಗಿ.