ಎದೆಯ ಗಾಯಕ್ಕೆ ಬೆನ್ನಿನ ನೆರವು



ಕ್ಯಾನ್ಸರಿನ ನಿಮಿತ್ತ ಸ್ತನವನ್ನು ಕಳೆದುಕೊಂಡ ಸ್ತ್ರೀಗೆ ಅದನ್ನು ಮರಳಿ ರಚಿಸಿಕೊಡುವ ವಿದ್ಯೆಯ ಮೂಲವನ್ನು ಅರಸಹೊರಟವರು ನಮ್ಮ ನಾಡಿನ ಯುದ್ಧವೊಂದನ್ನು ನೆನೆಯಬೇಕಾಗುತ್ತದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಾಳೆಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿಯು ಟಿಪ್ಪೂ ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ದೇಶೀಯ ಕುಶಲಿಯೊಬ್ಬನು ಅವನ ಹಣೆಯ ಚರ್ಮವನ್ನು ಬುಡದಲ್ಲಿ ಕಡಿಯದೆ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಅಲ್ಲಿಯ ವೈದ್ಯರ ಕಣ್ಣು ತೆರೆಸಿತು. ರಕ್ತದ ನಂಟು ತಪ್ಪದಿದ್ದರೆ ಚರ್ಮವು ನೆಲೆ ಬದಲಿಸಿದರೂ ಬದುಕುವುದೆಂಬುದೇ ಅದರ ತತ್ತ್ವ.

ಆ ತತ್ತ್ವವನ್ನು ಎದೆಯ ಗಾಯಕ್ಕೆ ಅನ್ವಯಿಸಿದವನು ಇಟಲಿಯ ಶಸ್ತ್ರವೈದ್ಯ ಇಜೀನಿಯೋ ತಾನ್ಸೀನಿ. 1896ರಲ್ಲಿ ಆತನು ಪ್ರಕಟಿಸಿದ ಕ್ರಮದಲ್ಲಿ ಬೆನ್ನಿನ ಚರ್ಮವನ್ನಷ್ಟೇ ತಿರುಗಿಸಿ ತರುತ್ತಿದ್ದುದರಿಂದ ಅದರ ತುದಿಯು ರಕ್ತವಿಲ್ಲದೆ ಸಾಯುತ್ತಿದ್ದಿತು. ಆತನು ಇದರಿಂದ ವಿಮುಖನಾಗದೆ ರಕ್ತನಾಳಗಳ ಹಾದಿಯನ್ನು ಶೋಧಿಸಿ, ಅಡಿಯಲ್ಲಿರುವ ಅಗಲವಾದ ಸ್ನಾಯುವನ್ನೂ ಕೂಡಿಸಿ ತಂದರೆ ಚರ್ಮವು ಜೀವಂತವಾಗಿ ಉಳಿಯುವುದೆಂದು ಕಂಡು, ಪಾವಿಯಾದಲ್ಲಿ ಪ್ರಾಧ್ಯಾಪಕನಾಗಿದ್ದ ಕಾಲದಲ್ಲಿ, 1906ರಲ್ಲಿ, ಅದನ್ನು ಲೋಕಕ್ಕೆ ತಿಳಿಸಿದನು. ಆತನ ಗುರಿ ರೂಪಸೃಷ್ಟಿಗಿಂತ ಗಾಯದ ಮುಚ್ಚುಗೆಯೇ. ಆದರೂ ಮರುರಚನೆಗೆ ಬೇಕಾದ ತಳಹದಿಯು ಅದರಲ್ಲಿಯೇ ಇದ್ದಿತು.

ಆದರೆ ಆ ಕಾಲದಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಪ್ರಮಾಣಪುರುಷನೆನಿಸಿದ್ದ ಬಾಲ್ಟಿಮೋರಿನ ಹಾಲ್‌ಸ್ಟೆಡನು, ಹೊರಗಿನ ಚರ್ಮದ ಮರೆಯಲ್ಲಿ ರೋಗವು ಅಡಗೀತೆಂದು ಶಂಕಿಸಿ ಇಂಥ ಪ್ರಯತ್ನಗಳನ್ನು ವಿರೋಧಿಸಿದನು. ಪ್ರತಿಷ್ಠೆಯೇ ಪ್ರಮಾಣವಾದಲ್ಲಿ ಸಾಧನೆಗೆ ಎಡೆಯೆಲ್ಲಿ? ತಾನ್ಸೀನಿಯ ವಿಧಾನವು ವಿಸ್ಮೃತವಾಗಿ, 1970ರ ದಶಕದಲ್ಲಿ ಅನ್ಯರು ಅದನ್ನು ಹೊಸದಾಗಿ ಕಂಡುಕೊಳ್ಳಬೇಕಾಯಿತು. 1982ರಲ್ಲಿ ಅಟ್ಲಾಂಟಾದ ಶಸ್ತ್ರವೈದ್ಯ ಹಾರ್ಟ್ರಾಂಫ್ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯುಗಳಿಂದ ಸ್ತನವನ್ನು ರಚಿಸುವ ಮಾರ್ಗವನ್ನು ಪ್ರಕಟಿಸಿದನು. ಮರುರಚನೆಯಿಂದ ರೋಗವು ಮರುಕಳಿಸುವ ಭಯ ಹೆಚ್ಚದೆಂದು ಅನಂತರದ ಅನುಭವವು ತೋರಿಸಿತು.

ಭಾರತದ ಸ್ತ್ರೀಯರಲ್ಲಿ ಇಂದು ಅತ್ಯಧಿಕವಾಗಿ ಕಾಣುವ ಕ್ಯಾನ್ಸರು ಸ್ತನದ್ದು. ಆದುದರಿಂದ ಕೆ.ಆರ್. ಪುರದಲ್ಲಾಗಲಿ ಹಲಸೂರಿನಲ್ಲಾಗಲಿ ನಿಮ್ಮ ಮನೆಯ ತಾಯಿಗೋ ತಂಗಿಗೋ ಈ ರೋಗ ಬಂದಲ್ಲಿ, ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನವೇ ಮರುರಚನೆಗೆ ಅವಕಾಶವುಂಟೇ ಎಂದು ವೈದ್ಯರನ್ನು ಕೇಳಿರಿ. ಬೇಕು ಬೇಡಗಳ ನಿರ್ಧಾರ ಅವಳದು. ಕೇಳುವುದಕ್ಕೆ ಸಂಕೋಚಪಡದಿರುವುದು ನಮ್ಮೆಲ್ಲರ ಕರ್ತವ್ಯ.